ನಲವತ್ತಾರು

ನಮ್ಮ ಕೇಬಲ್ ಆಫೀಸು ಗಂಜಿನ ಎದುರಿಗೆ, ಎರಡನೇ ಮಾಳಿಗಿ.
ಗಂಜ್ ಅಂದ್ರ ಮೆಣಸಿನಕಾಯಿ ಮಾರೂ ಗಂಜ್ ಅಲ್ಲ,
ಬಿಜಾಪುರದ ಬಾದಶಹರ ಕಾಲದ ನೀರಿನ ಗೋಪುರ.
ನೆಲದೊಳಗ ಓಡಿ ಬಂದ ನೀರು
ಇದರಾಗ ಏರಿ, ನಿಂತು, ಉಸುರು ಬಿಟ್ಟು,
ಕೆಸರು ಕೆಳಗಿಳಿಸಿ
ಮುಂದ ಹೋಗತಿತ್ತಂತ.
ಈಗ ತಲಿಮ್ಯಾಲ ಪಾರಿವಾಳ. ಬಗಲಿಗೆ ನಮ್ಮ ಕಂಬ.
ಕಂಬದಿಂದ ನನ್ನ ಕಿಡಕಿಗೆ ಒಂದು ಕರೀ ವಾಯರು.

ಸಂಜಿ ಏಳು ಹೊಡೀತಂದ್ರ
ಇಡೀ ಗಲ್ಲಿ ಒಮ್ಮೆಲೇ ಬಂದು
ರೌಟರಿನ ಬಾಗಲದಾಗ ನಿಂದರತೈತಿ:
ಕ್ರಿಕೆಟ್ಟು, ಸೀರಿಯಲ್ಲು, ಗುಂಡು ಹಾರಿಸೂ ಆಟ.
ಸ್ಟುಡಿಯೋದ ಮಲಕಾರಿ
ಮುದ್ದೇಬಿಹಾಳದ ಮದುವಿಯನ್ನ
ನಾಲ್ವತ್ತು ಜಿಬಿ ದಬ್ಬಾಕ ಹತ್ತಿದರ
ಬಾಜೂ ಮನಿ ಫೋನಿನಾಗ ಹಲೋ ಅನ್ನೂದು
ಹ ಒಳಗ, ಲೋ ಹೊರಗ.

ನನ್ನ ಕೆಲಸ ಇಷ್ಟ, ಸರದಿ ಹಚ್ಚೂದು.
ಲಕೋಟಿ ಒಡಿಯಂಗಿಲ್ಲ. ಒಡದರೂ ಒಳಗ ಬೀಗ.
ಹೊರಗಿನ ವಿಳಾಸ, ಬಾಗಲದ ನಂಬರು,
ಗಾತ್ರ, ನಡಗಿ ನೋಡಿ
ನೀ ಯಾರು ಅಂತ ಹೇಳಬೇಕು.
ಸಣ್ಣ ಹೆಜ್ಜಿ, ತಾಳ ತಪ್ಪದಂಗ ಬಂದ್ರ ಅದು ಧ್ವನಿ;
ಹಣಿಮ್ಯಾಲ ನಲವತ್ತಾರು ಬರೀತೀನಿ, ಮುಂದ ಹೋಗು.
ದಪ್ಪ ಮೈ, ದಬಾಯಿಸಿ ಬಂದ್ರ ವಿಡಿಯೋ, ನಿಂದರು.
ಬ್ಯಾಕಪ್ಪು, ಅಪ್‌ಡೇಟು, ನಿಮಗೇನ ಅವಸರ?
ಜೋಳದ ಚೀಲದಂಗ ಮೂಲ್ಯಾಗ ಕುಂದರ್ರಿ.
ಉಳಿದವ್ರಿಗೆ ಸೊನ್ನಿ.
ಸೊನ್ನಿ ಅಂದ್ರ ಶಾಪ ಅಲ್ಲ,
ಸಿಕ್ಕರ ಸಿಕ್ಕಿತು ಅಂತ.

"ಏನ ಜಾದು ಮಾಡಿದೆವಾ ತಂಗಿ,
ವಾರ ಆತು, ಒಂದೂ ಬೈಗಳದ ಫೋನ್ ಇಲ್ಲ"
ಅಂತ ಮಾಲಕರು ದಸ್ತಗೀರಸಾಬರು
ಸುಸಲಾ ಮಿರ್ಚಿ ತರಿಸಿದ್ರು.
ನಾನೂ ಮಿರ್ಚಿಯಂಗ ಉಬ್ಬಿದೆ.

ಎಂಟನೇ ದಿನ ಜೀನಾ ಹತ್ತಿ ಬಂದಾಕಿ
ಎದುರಿನ ಪಿಕೋ ಫಾಲ್ ಅಂಗಡಿಯ ನೀಲಾಂಬಿಕಾ ಹೂಗಾರ.
ಹುಟ್ಟಾ ಕಿವಿ ಕೇಳಂಗಿಲ್ಲ.
ಫೋನ್ ನನ್ನ ಮುಂದ ಹಿಡದ್ಲು. ಅದರಾಗ
ಇಂಡಿಯ ಗೆಳತಿಯ ಕೈ
ಗಾಳ್ಯಾಗ ಅರ್ಧಕ್ಕ ನಿಂತಿತ್ತು;
ಎರಡು ಬೆರಳು ಬೆರಳಾಗಿ, ಉಳಿದವು
ಚೌಕ ಚೌಕ ಕಲ್ಲಾಗಿ.
ತಕರಾರಿನ ಬುಕ್ಕಿನಾಗ ಬರದ್ಲು:
"ಬಾ ಅಂದಳೋ ಬೇಡ ಅಂದಳೋ ಗೊತ್ತಾಗಲಿಲ್ಲ.
ಮೂರು ತಿಂಗಳ ರೊಕ್ಕ ಕಟ್ಟೀನಿ."

"ಅದು ವಿಡಿಯೋ ಅಲ್ಲಾ ಅಕ್ಕಾ, ಅದು ಹಿಂದ" ಅಂದೆ.
ಅಂದೆ! ಬಾಯಿಲೆ!
ಆಕಿ ನನ್ನ ತುಟಿ ನೋಡಿದ್ಲು.
ಬಣ್ಣದ ದಾರದ ಚೂರು ಅಂಟಿದ್ದ ಬೆರಳಿಂದ
ನನ್ನ ಬಾಯಿ ತೋರಿಸಿದ್ಲು,
ಆಮ್ಯಾಲ ಆ ಬೆರಳನ್ನ.
ಮತ್ತೊಮ್ಮೆ ನನ್ನ ಬಾಯಿ. ಮತ್ತೊಮ್ಮೆ ಬೆರಳು.

ಆ ರಾತ್ರಿ ಕುಂತು ನಿಯಮ ತಿರುಗಿ ಬರದೆ.
ಇಷ್ಟು ದಪ್ಪ ಮಾತು ಧ್ವನಿಯ ಸಾಲಿಗೆ ಹಾಕಬ್ಯಾಡ,
ಉಳಿದವ್ರು ಉಪಾಸ ಬೀಳ್ತಾರ ಅಂತ ಕಲಿಸಿದ್ರು.
ಖರೇನ. ಅದಕ ಎರಡು ಎಂಬಿಯ ಕಟ್ಟಿ ಕಟ್ಟಿ,
ಆಕಿಯ ಆ ಒಂದು ಕರೆಗೆ
ನಲವತ್ತಾರು ಕೊಟ್ಟೆ.
ಕೊಟ್ಟು ಮಲಗಿದ್ರ ನಿದ್ದಿ ಬರವಲ್ದು.
ದಪ್ಪ ಮೈ ಅಂತ ಇನ್ನ ಯಾರ್ಯಾರನ್ನ
ಬಾಗಲದಾಗ ನಿಂದ್ರಿಸೀನಿ?
ಮೂಲ್ಯಾಗ ಕುಂದ್ರಿಸಿದ ಚೀಲದಾಗ ಏನಿತ್ತು?

ನಮ್ಮ ಲೈನು ಸೊಲ್ಲಾಪುರದ ಕಡೆ ದಾಟಿದ ಮ್ಯಾಲ
ಅವರು ಎಲ್ಲರ ಹಣಿ ಒರಸಿ ಸೊನ್ನಿ ಬರೀತಾರ.
ಅವರ ಬಾಗಲ, ಅವರ ನಿಯಮ.
ಇಂಡಿ ನಮ್ಮ ವಾಯರಿನ ಮ್ಯಾಲ ಐತಿ, ಪುಣ್ಯಾ.

ನಿನ್ನೆ ಒಂಬತ್ತಕ್ಕ, ಗಲ್ಲಿ ತುಂಬ ಕ್ರಿಕೆಟ್ಟಿನ ಗದ್ದಲ,
ಕಿಡಕಿಯಿಂದ ನೋಡಿದೆ:
ಟ್ಯೂಬಲೈಟಿನ ಕೆಳಗ, ಮಿಷನ್ನಿಗೆ ಫೋನ್ ಆನಿಸಿ
ನೀಲಾಂಬಿಕಾಳ ಎರಡೂ ಕೈ
ಎಲ್ಲೂ ನಿಲ್ಲಲಾರದ ಹರೀತಿದ್ದವು.
ಸುದ್ದಿ ಹೇಳತಿದ್ಲೋ, ಜಗಳಾ ತಗದಿದ್ಲೋ.
ನನಗ ಓದಾಕ ಬರಂಗಿಲ್ಲ.
ಬಂದಿದ್ರೂ,
ಲಕೋಟಿ ಒಡಿಯಂಗಿಲ್ಲ.